ಸಿನ್ಸಿನಾಟಿಗೆ ಹೋಗು, ಆದರೆ ಡಿಸೆಂಬರ್‌ನಲ್ಲೇ ಹೊರಡು

ನಿನ್ನ ಪತ್ರವನ್ನು ರಾತ್ರಿ ಓದಿದೆ, ಬೆಳಿಗ್ಗೆ ಎದ್ದು ಮತ್ತೊಮ್ಮೆ ಓದಿದೆ. ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನಾನೂ ಬಹುವಚನ ಬಿಟ್ಟು ಬರೆಯುತ್ತೇನೆ. ದಾವಣಗೆರೆಯವಳು, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ ಈ ಆಗಸ್ಟ್‌ನಲ್ಲಿ ಓದಲೆಂದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದವಳು. ಕಬ್ಬನ್ ಪಾರ್ಕಿನಲ್ಲಿ ಓಟ ಕಲಿತು, ಎರಡು ಸಲ ಹತ್ತು ಕಿಲೋಮೀಟರ್, ಒಂದು ಸಲ ಹಾಫ್ ಮ್ಯಾರಥಾನ್ ಮುಗಿಸಿದ್ದೀಯ, ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಈಗ ಪೂರ್ತಿ ಮ್ಯಾರಥಾನ್, ಅಂದರೆ ಇಪ್ಪತ್ತಾರು ಮೈಲಿ ಚಿಲ್ಲರೆ, ಆಗಬೇಕು, ಅದೂ ಬರುವ ವಸಂತದಲ್ಲೇ. ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಟೊಲೆಡೊ, ಸಿನ್ಸಿನಾಟಿ, ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್ ಇವೆ. ಸಹಪಾಠಿಗಳೆಲ್ಲ ಟೊಲೆಡೊ ಸಮತಟ್ಟು, ಅಲ್ಲಿಗೇ ಹೋಗು ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀಯ.

ನನ್ನ ಉತ್ತರ ಸಿನ್ಸಿನಾಟಿ. ಏಕೆ ಎಂಬುದನ್ನು ಹೇಳಲು ಸ್ವಲ್ಪ ಜಾಗ ಬೇಕು.

ನಮ್ಮೂರಿನ, ಅಂದರೆ ಕೊಲಂಬಸ್‌ನ, ಮ್ಯಾರಥಾನ್ ನಡೆಯುವುದು ಅಕ್ಟೋಬರ್‌ನಲ್ಲಿ. ಬೇಸಿಗೆಯಿಡೀ ತಯಾರಾಗಿ, ಎಲೆ ಕೆಂಪಾಗುವ ಹೊತ್ತಿಗೆ ಓಡಬಹುದು. ನಮ್ಮ ಮೈಗೆ ಅದೇ ಸಲೀಸು. ಅಲ್ಲಿಯವರೆಗೆ ಕಾಯಬಾರದೇ ಎಂದು ನಾನು ಕೇಳಬಹುದಿತ್ತು. ಕೇಳುವುದಿಲ್ಲ. ಹದಿನೇಳು ವರ್ಷದ ಹಿಂದೆ ಮೈಸೂರಿನಿಂದ ಬಂದ ನಾನು ಇಲ್ಲಿನ ಮೊದಲ ಚಳಿಗಾಲವನ್ನು ಕಿಟಕಿಯ ಹಿಂದೆ ಕುಳಿತೇ ಕಳೆದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳು ಮುಕ್ಕಾಲು ದಾಟಿದ ಮೇಲೆ, ಸಂಜೆ ಐದೂಕಾಲಿಗೆ ಕತ್ತಲು. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮರಳುತ್ತಿದ್ದೆ. ಅಮ್ಮ ಫೋನ್ ಮಾಡಿ ಊಟ ಆಯಿತಾ ಎಂದರೆ ಗಂಟಲು ಕಟ್ಟುತ್ತಿತ್ತು. ಎರಡನೆಯ ಚಳಿಗಾಲಕ್ಕೆ ಮುಂಚೆ ಒಬ್ಬ ಸಹೋದ್ಯೋಗಿ ವಸಂತದ ಓಟವೊಂದಕ್ಕೆ ನನ್ನ ಹೆಸರು ಬರೆಸಿದಳು. ಅದೇ ಚಳಿ, ಅದೇ ಕತ್ತಲೆ, ಆದರೆ ನನಗೆ ಹೊರಗೆ ಕೆಲಸವಿತ್ತು. ಆದ್ದರಿಂದ ನೀನು ವಸಂತದ ಓಟವನ್ನೇ ಕೇಳಿದ್ದು ಸರಿ. ಮೇ ತಿಂಗಳ ಆ ಒಂದು ಬೆಳಿಗ್ಗೆಯೊಂದಿಗೆ ಅದರ ಹಿಂದಿರುವ ನಾಲ್ಕು ತಿಂಗಳನ್ನೂ ನೀನು ಆರಿಸಿಕೊಳ್ಳುತ್ತಿದ್ದೀಯ ಎಂಬುದನ್ನು ಮಾತ್ರ ನೆನಪಿಡು.

ಈಗ ಲೆಕ್ಕಕ್ಕೆ ಬಾ. ನಿನ್ನಂಥ ಮೊದಲ ಸಲದವರಿಗೆ ಹದಿನೆಂಟು ವಾರದ ತಯಾರಿ ಬೇಕು. ಟೊಲೆಡೊ ಓಟ ಏಪ್ರಿಲ್ ಕೊನೆಯ ಭಾನುವಾರದ ಸುಮಾರಿಗೆ ಬರುತ್ತದೆ. ಸಿನ್ಸಿನಾಟಿ ಮತ್ತು ಪಿಟ್ಸ್‌ಬರ್ಗ್ ಎರಡೂ ಮೇ ಮೊದಲ ಭಾನುವಾರ, ಅಂದರೆ ಒಂದೇ ದಿನ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಕ್ಲೀವ್‌ಲ್ಯಾಂಡ್ ಮೇ ಮಧ್ಯ ದಾಟಿದ ಮೇಲೆ. ಮೇ ಮೊದಲ ಭಾನುವಾರದಿಂದ ಹದಿನೆಂಟು ವಾರ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ಕೊನೆಯ ವಾರಕ್ಕೆ ಬಂದು ನಿಲ್ಲುತ್ತೀಯ. ನಿನ್ನ ಸೆಮಿಸ್ಟರ್ ಮುಗಿದು ರಜೆ ಶುರುವಾಗಿರುತ್ತದೆ. ಇನ್ನೊಂದು ತುದಿಯನ್ನೂ ನೋಡು. ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷೆಗಳು ಏಪ್ರಿಲ್ ಉತ್ತರಾರ್ಧದಲ್ಲಿ. ಟೊಲೆಡೊ ಎಂದರೆ ಪರೀಕ್ಷೆಯ ಹಾಳೆಗಳ ನಡುವೆ ಓಟ, ಇಲ್ಲವೇ ನಿದ್ದೆಗೆಟ್ಟ ಕಾಲಿನಲ್ಲಿ ಓಟ. ಸಿನ್ಸಿನಾಟಿಯಾದರೆ ಪರೀಕ್ಷೆ ಮುಗಿದು ಮನಸ್ಸು ಖಾಲಿಯಾದ ಮೇಲೆ. ನಿನ್ನ ಗೆಳೆಯರು ದಾರಿ ಸಮತಟ್ಟಾಗಿದೆಯೇ ಎಂದು ನೋಡಿದರು, ನಿನ್ನ ಪಂಚಾಂಗವನ್ನು ನೋಡಲಿಲ್ಲ.

ಟೊಲೆಡೊವನ್ನು ನಾನು ತೆಗಳುತ್ತಿಲ್ಲ. 1888ರಲ್ಲಿ ಎಡ್ವರ್ಡ್ ಲಿಬ್ಬಿ ತನ್ನ ಗಾಜಿನ ಕಾರ್ಖಾನೆಯನ್ನು ಅಲ್ಲಿಗೆ ತಂದ ಮೇಲೆ ಅದು ಗಾಜಿನ ಊರಾಯಿತು, ಓಟಕ್ಕೂ ಅದೇ ಹೆಸರು: ಗ್ಲಾಸ್ ಸಿಟಿ. ದಾರಿ ನಿಜಕ್ಕೂ ಸಮ, ಜನ ಸಜ್ಜನರು, ಕೊನೆಗೆ ವಿಶ್ವವಿದ್ಯಾಲಯದ ಕ್ರೀಡಾಂಗಣದ ಒಳಗೇ ಮುಗಿಯುತ್ತದೆ. ವೇಗಕ್ಕಾಗಿ ಓಡುವವರಿಗೆ, ಬಾಸ್ಟನ್ ಮ್ಯಾರಥಾನ್‌ಗೆ ಅರ್ಹತೆ ಪಡೆಯಬೇಕು ಎನ್ನುವವರಿಗೆ ಅದು ಒಳ್ಳೆಯ ಆಯ್ಕೆ. ನಿನ್ನ ಗೆಳೆಯರು ಬಾಸ್ಟನ್ ಮಾತನ್ನೂ ಎತ್ತಿದರಂತೆ. ಅದನ್ನು ಈಗಲೇ ತಲೆಯಿಂದ ತೆಗೆದುಬಿಡು. ನಿನ್ನ ವಯಸ್ಸಿನ ಹೆಂಗಸರಿಗೆ ಈಗ ಅಲ್ಲಿ ಕೇಳುವ ಸಮಯ 3 ಗಂಟೆ 25 ನಿಮಿಷ. ಅದನ್ನು ಮುಟ್ಟಿದರೂ ಸಾಲದು: 2025ರ ಓಟಕ್ಕೆ ಆಗ ನಿಗದಿಯಾಗಿದ್ದ ಸಮಯಕ್ಕಿಂತ 6 ನಿಮಿಷ 51 ಸೆಕೆಂಡ್ ಬೇಗ ಓಡಿದವರಿಗಷ್ಟೇ ಜಾಗ ಸಿಕ್ಕಿತು. ಮೊದಲ ಮ್ಯಾರಥಾನ್‌ಗೆ ಇಂಥ ಭಾರ ಹೊರಿಸಬಾರದು. ಈ ಸಲ ನಿನಗೆ ಬೇಕಾದದ್ದು ಕೊನೆಯವರೆಗೆ ನಿನ್ನ ಕೈಬಿಡದ ಊರು. ಟೊಲೆಡೊದಲ್ಲಿ ಕೆಲವು ಮೈಲಿಗಳು ತುಂಬಾ ನಿಶ್ಶಬ್ದ. ಗಡಿಯಾರದ ಜೊತೆ ಓಡುವವರಿಗೆ ಅದು ಅಡ್ಡಿಯಲ್ಲ. ಮೊದಲ ಸಲ, ಪರದೇಶದಲ್ಲಿ, ಒಬ್ಬಳೇ ಇರುವವಳಿಗೆ ಅಡ್ಡಿ.

ಪಿಟ್ಸ್‌ಬರ್ಗ್ ಬಲು ಚೆಂದದ ಓಟ. ಮೂರು ನದಿ ಕೂಡುವ ಊರು, ಓಟದಲ್ಲಿ ಐದು ಸೇತುವೆ ದಾಟುತ್ತೀಯ. ಬರ್ಮಿಂಗ್‌ಹ್ಯಾಮ್ ಸೇತುವೆ ಇಳಿದ ಕೂಡಲೇ ಓಕ್‌ಲ್ಯಾಂಡ್ ಕಡೆಗೆ ಏರು, ಸರಿಯಾಗಿ ಅರ್ಧ ದಾರಿಗೆ ಸ್ವಲ್ಪ ಮುಂಚೆ. ಆಮೇಲೂ ದಾರಿ ಏರುತ್ತ ಇಳಿಯುತ್ತ ಇರುತ್ತದೆ. ಎರಡನೆಯದೋ ಮೂರನೆಯದೋ ಮ್ಯಾರಥಾನ್ ಆಗಿ ಅದನ್ನು ಖಂಡಿತ ಓಡು. ಕೊಲಂಬಸ್‌ನಿಂದ ಮೂರು ಗಂಟೆ ಕಾರು, ಹೋಟೆಲ್ ಕೂಡ ದುಬಾರಿ.

ಕ್ಲೀವ್‌ಲ್ಯಾಂಡ್ ಬಗ್ಗೆ ಹೇಳುವಾಗ ಹವಾಮಾನದ ಮಾತು ಎತ್ತಲೇಬೇಕು, ಏಕೆಂದರೆ ವಸಂತದ ಮ್ಯಾರಥಾನ್‌ನ ನಿಜವಾದ ಕಷ್ಟ ಇದೇ. ಚಳಿಯಲ್ಲಿ ಪಳಗಿದ ಮೈಯನ್ನು ತಂದು ಒಮ್ಮೆಲೇ ಬಿಸಿಲಿಗೆ ನಿಲ್ಲಿಸುತ್ತೇವೆ. ಬಾಸ್ಟನ್‌ನದ್ದೇ ಎರಡು ವರ್ಷ ಹೇಳುತ್ತೇನೆ, ಎರಡೂ 16 ಏಪ್ರಿಲ್. 2012ರಲ್ಲಿ ತಾಪಮಾನ ಮೂವತ್ತು ಡಿಗ್ರಿ ಸೆಲ್ಸಿಯಸ್ ದಾಟಿತು. ಬೇಡವೆನಿಸಿದವರು ಮುಂದಿನ ವರ್ಷ ಬನ್ನಿ ಎಂದು ಸಂಘಟಕರೇ ಅವಕಾಶ ಕೊಟ್ಟರು. 2018ರಲ್ಲಿ ನಾಲ್ಕು ಡಿಗ್ರಿಯ ಆಸುಪಾಸು, ಸುರಿವ ಮಳೆ, ಎದುರು ಗಾಳಿ. ಆ ದಿನ ಗೆದ್ದವರು ಜಪಾನಿನ ಯೂಕಿ ಕವಾಉಚಿ ಮತ್ತು ಅಮೆರಿಕದ ಡೆಸ್ ಲಿಂಡೆನ್. ಕವಾಉಚಿ ಆಗ ಸರ್ಕಾರಿ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡಿಕೊಂಡೇ ಓಡುತ್ತಿದ್ದವರು. ಲಿಂಡೆನ್ 33 ವರ್ಷಗಳ ನಂತರ ಅಲ್ಲಿ ಗೆದ್ದ ಅಮೆರಿಕನ್ ಮಹಿಳೆ. ಒಂದೇ ಊರು, ಒಂದೇ ತಾರೀಖು, ಎರಡು ಬೇರೆ ಋತುಗಳು. ಒಹಾಯೊದಲ್ಲೂ ಹೀಗೆಯೇ. ಮೇ ತಿಂಗಳಲ್ಲಿ ಮುಂದೆ ಹೋದಷ್ಟೂ ಸೆಕೆಯ ಅಪಾಯ ಹೆಚ್ಚು. ಕ್ಲೀವ್‌ಲ್ಯಾಂಡ್‌ಗೆ ಈರಿ ಸರೋವರದ ಗಾಳಿ ಒಮ್ಮೊಮ್ಮೆ ತಂಪು ತರುತ್ತದೆ, ಒಮ್ಮೊಮ್ಮೆ ಎದುರಿಗೆ ನಿಂತು ತಳ್ಳುತ್ತದೆ.

ನೀನು ದಾವಣಗೆರೆಯವಳು, ಸೆಕೆಗೆ ಹೆದರುವವಳಲ್ಲ ಎಂದು ಅಂದುಕೊಳ್ಳುತ್ತೀಯ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೇರೊಂದು ರಾಜ್ಯದಲ್ಲಿ ಮೇ ಕೊನೆಯ ಓಟವೊಂದಕ್ಕೆ ಹೋದೆ. ಇಪ್ಪತ್ತೊಂದನೆಯ ಮೈಲಿಯಲ್ಲಿ ಬೆವರು ನಿಂತಿತು, ತೋಳಿನ ಮೇಲೆ ಉಪ್ಪು ಬಿಳಿಯಾಗಿ ಕುಳಿತಿತ್ತು, ಬಿಸಿಲಿನಲ್ಲಿ ನಿಂತು ನಡುಗುತ್ತಿದ್ದೆ. ಸ್ವಯಂಸೇವಕಿಯೊಬ್ಬಳು ತೋಳು ಹಿಡಿದು ನೆರಳಿಗೆ ಕರೆದೊಯ್ದಳು. ಮೈಗೆ ಸೆಕೆಯ ಅಭ್ಯಾಸ ಹುಟ್ಟಿನಿಂದ ಬಂದು ಉಳಿಯುವುದಿಲ್ಲ. ಕೆಲವು ವಾರದ ಚಳಿ ಸಾಕು ಅದನ್ನು ಮರೆಯಲು, ಮತ್ತೆ ಕಲಿಯಲು ಹತ್ತು ಹದಿನಾಲ್ಕು ದಿನವಾದರೂ ಬೇಕು. ಸೆಕೆಯಲ್ಲಿ ನಡುಕ ಬಂದರೆ, ಬೆವರು ನಿಂತರೆ, ಮಾತು ತೊದಲಿದರೆ ಅಲ್ಲಿಗೇ ನಿಲ್ಲು. ಪದಕದ ಆಸೆಗೆ ಬೀಳಬೇಡ. ಇನ್ನೊಂದು, ವಿಮೆಯ ಕಾರ್ಡಿನ ಚಿತ್ರ ಮೊಬೈಲಿನಲ್ಲಿರಲಿ, ಬಿಬ್‌ನ, ಅಂದರೆ ಎದೆಗೆ ಚುಚ್ಚಿಕೊಳ್ಳುವ ಸಂಖ್ಯೆಯ ಚೀಟಿಯ, ಹಿಂಬದಿಯಲ್ಲಿ ನಿನ್ನ ಹೆಸರು ಮತ್ತು ಇಲ್ಲಿ ಹತ್ತಿರದಲ್ಲಿರುವ ಒಬ್ಬರ ಫೋನ್ ನಂಬರ್ ಬರೆದಿರಲಿ. ದಾವಣಗೆರೆಯ ನಂಬರ್ ಅಲ್ಲ. ಅಪ್ಪ ಅಮ್ಮನಿಗೆ ಅಂಥ ಫೋನ್ ಹೋಗಬಾರದು.

ಇನ್ನು ಸಿನ್ಸಿನಾಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹಂದಿ ಮಾಂಸದ ದೊಡ್ಡ ಮಾರುಕಟ್ಟೆಯಾಗಿತ್ತು, ಪೋರ್ಕೊಪೊಲಿಸ್ ಎಂದು ಅಡ್ಡಹೆಸರು. ಊರಿನವರು ಆ ಹೆಸರನ್ನು ಮುಚ್ಚಿಡದೆ ಹಂದಿಗೆ ರೆಕ್ಕೆ ಕಟ್ಟಿದರು. 1999ರಲ್ಲಿ ಮ್ಯಾರಥಾನ್ ಶುರುವಾದಾಗ ಅದಕ್ಕೂ ಫ್ಲೈಯಿಂಗ್ ಪಿಗ್ ಎಂದೇ ಹೆಸರಾಯಿತು. ಪದಕದ ಒಂದು ಬದಿಯಲ್ಲಿ ಹಂದಿಯ ಮುಖ, ಇನ್ನೊಂದು ಬದಿಯಲ್ಲಿ ಅದರ ಹಿಂಭಾಗ, ಬಾಲ ಸಮೇತ. ಅಮ್ಮನಿಗೆ ಚಿತ್ರ ಕಳಿಸಿದಾಗ ಮೊದಲು ಏನೆಂದು ತಿಳಿಯದೆ, ಆಮೇಲೆ ನಕ್ಕು ನಕ್ಕು ಸಾಕಾದಳು.

ಓಟ ಬೆಳಿಗ್ಗೆ ಆರೂವರೆಗೆ, ಸೂರ್ಯ ಹುಟ್ಟುವ ಹೊತ್ತಿಗೇ ಹೊರಡುತ್ತದೆ. ಸೆಕೆಯಿಂದ ಪಾರಾಗಲು ಇದು ದೊಡ್ಡ ಅನುಕೂಲ. ಮೊದಲು ಒಹಾಯೊ ನದಿ ದಾಟಿ ಕೆಂಟಕಿಗೆ ಹೋಗುತ್ತೀಯ, ನ್ಯೂಪೋರ್ಟ್, ಕೋವಿಂಗ್ಟನ್ ಸುತ್ತಿ ಮತ್ತೆ ಸೇತುವೆ ಹತ್ತಿ ಒಹಾಯೊಗೆ ಬರುತ್ತೀಯ. ಆರನೆಯ ಮೈಲಿಯಿಂದ ಈಡನ್ ಪಾರ್ಕಿಗೆ ಏರು, ಸುಮಾರು ಮೂರು ಮೈಲಿ. ಚಾಮುಂಡಿ ಬೆಟ್ಟದ ರಸ್ತೆಯಷ್ಟು ಕಡಿದಲ್ಲ, ಆದರೆ ಸಿಕ್ಕಾಪಟ್ಟೆ ಹುಮ್ಮಸ್ಸಿನಲ್ಲಿ ಹತ್ತಿದರೆ ಇಪ್ಪತ್ತನೆಯ ಮೈಲಿಯಲ್ಲಿ ಸಾಲ ತೀರಿಸಬೇಕಾಗುತ್ತದೆ. ಅಲ್ಲಿ ನಿನ್ನನ್ನು ಎಲ್ಲರೂ ಹಿಂದೆ ಹಾಕಲಿ, ಬಿಡು. ಮೇಲೆ ತಲುಪಿ ಬಲಕ್ಕೆ ತಿರುಗಿ ನೋಡಿದರೆ ಕೆಳಗೆ ನದಿಯ ದೊಡ್ಡ ತಿರುವು, ಬೆಳಗಿನ ಮಂಜು. ಮೂವತ್ತು ಸೆಕೆಂಡ್ ನಿಂತು ನೋಡಿದರೆ ಯಾವ ನಷ್ಟವೂ ಇಲ್ಲ, ನಾನು ಪ್ರತಿ ಸಲ ನಿಂತಿದ್ದೇನೆ. ಅದಾದ ಸ್ವಲ್ಪ ಹೊತ್ತಿಗೆ ಹಾಫ್ ಮ್ಯಾರಥಾನ್‌ನವರು ಬೇರೆ ದಾರಿ ಹಿಡಿಯುತ್ತಾರೆ, ನಿನ್ನ ಸುತ್ತ ಒಮ್ಮೆಲೇ ಜನ ಕಡಿಮೆಯಾಗುತ್ತಾರೆ. ಆ ಗಳಿಗೆಗೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಂಡಿರು.

ಆಮೇಲೆ ಮನೆಗಳ ಬೀದಿಗಳು ಶುರು. ಹೈಡ್ ಪಾರ್ಕ್, ಮೇರಿಮಾಂಟ್. ಆ ಊರು ನನಗೆ ಇಷ್ಟವಾದದ್ದು ಇಲ್ಲಿಯೇ. ಜನ ಮನೆಯ ಕುರ್ಚಿ ತಂದು ರಸ್ತೆಯಂಚಿಗೆ ಹಾಕಿಕೊಂಡು ಕುಳಿತಿರುತ್ತಾರೆ. ಮಕ್ಕಳು ಕೈ ಚಾಚಿ ನಿಂತಿರುತ್ತಾರೆ, ತಟ್ಟಿ ಹೋಗಲಿ ಎಂದು. ನನ್ನ ಮೊದಲ ಸಲ, ಹದಿನೆಂಟನೆಯ ಮೈಲಿ ದಾಟಿದ ಮೇಲೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸ್ಟೀಲ್ ಬೋಗುಣಿಯಲ್ಲಿ ಕಿತ್ತಳೆ ಹೋಳು ಹಿಡಿದು ನಿಂತಿದ್ದರು. ನಮ್ಮ ಮನೆಯಲ್ಲಿ ಹಿಟ್ಟು ಕಲಸುವ ಬೋಗುಣಿಯಂಥದ್ದೇ. ಬಿಬ್ ಮೇಲಿದ್ದ ನನ್ನ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ತಪ್ಪಾಗಿ ಓದಿದರು, ಸರಿಪಡಿಸಿಕೊಂಡು ಮತ್ತೆ ಜೋರಾಗಿ ಕೂಗಿದರು. ಈ ದೇಶಕ್ಕೆ ಬಂದ ಮೇಲೆ ಬೀದಿಯಲ್ಲಿ ನನ್ನ ಪೂರ್ತಿ ಹೆಸರು ಕೇಳಿದ್ದು ಅದೇ ಮೊದಲು. ಬಿಬ್ ಮೇಲೆ ಹೆಸರು ಕೇಳಿದಾಗ ನೀನು ಚಿಕ್ಕದು ಮಾಡಿ ಕೊಡಬೇಡ, ಪೂರ್ತಿ ಬರೆಸು.

ಈಗ ಚಳಿಗಾಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು.

ಹತ್ತಿ ಬಟ್ಟೆ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿ ಎದೆಗೆ ಅಂಟಿಕೊಂಡು ಚಳಿ ಹಿಡಿಸುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಎರಡು ತೆಳು ಪದರ ಮೇಲು. ಹೊರಗಿನ ಉಷ್ಣತೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಿದೆ ಎಂದುಕೊಂಡು ಉಡುಪು ಹಾಕು. ಮೊದಲ ಐದು ನಿಮಿಷ ಚಳಿಯಾದರೆ ಸರಿಯಾಗಿ ಉಟ್ಟಿದ್ದೀಯ ಎಂದರ್ಥ. ಕಿವಿ ಮತ್ತು ಬೆರಳಿಗೆ ಮಾತ್ರ ಜಿಪುಣತನ ಬೇಡ. ಬೆರಳು ಬಿಡಿಬಿಡಿಯಾಗಿರುವ ಕೈಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಕೈಗವಸು ಬೆಚ್ಚಗೆ. ಹಿಮಕ್ಕೆ ಹೆದರಬೇಡ, ಹೊಸ ಹಿಮದ ಮೇಲೆ ಕಾಲು ಹಿಡಿಯುತ್ತದೆ. ಹೆದರಬೇಕಾದ್ದು ಹಗಲು ಕರಗಿ ರಾತ್ರಿ ಗಟ್ಟಿಯಾದ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಗೆ. ಅಂಥ ದಿನ ವಿಶ್ವವಿದ್ಯಾಲಯದ ವ್ಯಾಯಾಮ ಕೇಂದ್ರದೊಳಗೆ ಓಡು. ವಿದ್ಯಾರ್ಥಿಯಾಗಿ ಅದರ ಹಣವನ್ನು ಹೇಗೂ ಕಟ್ಟಿದ್ದೀಯ.

ಫೆಬ್ರುವರಿಯ ಒಂದು ಬೆಳಿಗ್ಗೆ ಒಲೆಂಟ್ಯಾಂಜಿ ನದಿಯ ದಂಡೆಯಲ್ಲಿ ಹದಿನಾಲ್ಕು ಮೈಲಿ ಓಡುತ್ತಿದ್ದಾಗ ನನ್ನ ನೀರಿನ ಬಾಟಲಿಯ ಬಾಯಿ ಹೆಪ್ಪುಗಟ್ಟಿತು. ಒಳಗೆ ನೀರು ಅಲುಗಾಡುವ ಸದ್ದು ಕೇಳುತ್ತದೆ, ಹೊರಗೆ ಹನಿ ಬರುವುದಿಲ್ಲ. ಎದುರಿನಿಂದ ಬಂದ ಹಿರಿಯರೊಬ್ಬರು ನಿಂತು, ತಮ್ಮ ಬಾಟಲಿಯನ್ನು ಸೊಂಟದ ಪಟ್ಟಿಯಿಂದ ತೆಗೆದು ತೋರಿಸಿದರು: ತಲೆಕೆಳಗಾಗಿ ಇಟ್ಟುಕೊಂಡಿದ್ದರು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಬಾಯಿ ಕೆಳಗಿದ್ದರೆ ಕುಡಿಯಲು ಉಳಿಯುತ್ತದೆ. ಅವರ ರೆಪ್ಪೆಯ ಕೂದಲ ಮೇಲೆ ಬಿಳಿ ಹಿಮದ ಕಣಗಳಿದ್ದವು. ನನ್ನ ರೆಪ್ಪೆಯ ಮೇಲೂ ಇವೆ ಎಂದು ಅವರೇ ಹೇಳಿದ್ದು.

ರಸ್ತೆಯ ವಿಷಯದಲ್ಲಿ ನಮ್ಮವರು ಮರೆಯುವುದು ಒಂದಿದೆ. ಇಲ್ಲಿ ವಾಹನ ಬಲಗಡೆ. ಕಾಲುದಾರಿ ಇಲ್ಲದ ಕಡೆ ನೀನು ಎಡಗಡೆ, ವಾಹನಗಳಿಗೆ ಎದುರಾಗಿ ಓಡಬೇಕು. ಇನ್ನೂ ಮುಖ್ಯವಾದದ್ದು, ಕೆಂಪು ದೀಪವಿದ್ದರೂ ಇಲ್ಲಿ ಬಲಕ್ಕೆ ತಿರುಗಲು ಅವಕಾಶವಿದೆ. ಹಾಗೆ ತಿರುಗುವ ಚಾಲಕ ಎಡಗಡೆಯಿಂದ ಬರುವ ಕಾರನ್ನು ನೋಡುತ್ತಿರುತ್ತಾನೆ, ಅವನ ಬಲಗಡೆಯಿಂದ ಓಡಿ ಬರುವ ನಿನ್ನನ್ನಲ್ಲ. ಅವನ ಕಣ್ಣು ನಿನ್ನ ಕಣ್ಣಿಗೆ ಸಿಗುವವರೆಗೆ ಕಾರಿನ ಮುಂದೆ ಕಾಲಿಡಬೇಡ. ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ. ಬೆಳಕು ಬಂತು ಎಂದು ಖುಷಿಪಡುವ ಹೊತ್ತಿಗೆ ಬೆಳಿಗ್ಗೆ ಮತ್ತೆ ಕತ್ತಲಾಗುತ್ತದೆ. ಹೊಳೆಯುವ ಪಟ್ಟಿಯ ಮೇಲಂಗಿ, ಹಣೆಗೆ ದೀಪ ಎರಡೂ ಏಪ್ರಿಲ್‌ವರೆಗೆ ಬೇಕು. ಕತ್ತಲಲ್ಲಿ ನದಿಯ ದಂಡೆಗೆ ಒಬ್ಬಳೇ ಹೋಗಬೇಡ, ಎರಡೂ ಕಿವಿಗೆ ಹಾಡು ಹಾಕಿಕೊಳ್ಳಬೇಡ. ಮಳೆ ಬಂದ ಮರುದಿನ ಅಲ್ಲಿ ಸೇತುವೆಗಳ ಕೆಳಗೆ ನೀರು ನಿಂತಿರುತ್ತದೆ, ಅದೂ ಗೊತ್ತಿರಲಿ.

ಏರಿಗೆ ಅಭ್ಯಾಸ ಬೇಕು, ಕೊಲಂಬಸ್ ಮಾತ್ರ ತಟ್ಟೆಯಂತಿದೆ. ಉತ್ತರಕ್ಕಿರುವ ಹೈಬ್ಯಾಂಕ್ಸ್ ಉದ್ಯಾನದಲ್ಲಿ ಒಳ್ಳೆಯ ದಿಬ್ಬಗಳಿವೆ, ಫೆಬ್ರುವರಿಯಿಂದ ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗೋಣ. ಸಿನ್ಸಿನಾಟಿಯಲ್ಲಿ ತೊಡೆಯನ್ನು ದಣಿಸುವುದು ಇಳಿಜಾರು ಕೂಡ, ಆದ್ದರಿಂದ ಇಳಿಯುವುದನ್ನೂ ಕಲಿಯಬೇಕು.

ಊಟದ ಬಗ್ಗೆ ಕೇಳಿದ್ದೀಯ. ಓಟದ ಹಿಂದಿನ ರಾತ್ರಿ ಎಲ್ಲರೂ ಪಾಸ್ತಾ ತಿನ್ನುತ್ತಾರೆಂದು ನೀನೂ ತಿನ್ನಬೇಕಿಲ್ಲ. ನಾನು ಚಿಕ್ಕ ಅನ್ನದ ಕುಕ್ಕರ್ ಹೋಟೆಲಿಗೆ ಒಯ್ಯುತ್ತೇನೆ. ಮೊಸರನ್ನ, ಒಂದು ಚೂರು ನಿಂಬೆ ಉಪ್ಪಿನಕಾಯಿ. ಹೊಟ್ಟೆಗೆ ಪರಿಚಯವಿರುವ ಅನ್ನ, ನಿದ್ದೆ ತರುವ ಅನ್ನ. ದಾರಿಯಲ್ಲಿ ಶಕ್ತಿಗಾಗಿ ಓಟಗಾರರು ನುಂಗುವ ಸಿಹಿ ಜೆಲ್ ಇಷ್ಟವಾಗದಿದ್ದರೆ ಬೀಜ ತೆಗೆದ ಖರ್ಜೂರ ನಡೆಯುತ್ತದೆ, ಆದರೆ ಅದನ್ನು ಫೆಬ್ರುವರಿಯ ದೀರ್ಘ ಓಟಗಳಲ್ಲೇ ತಿಂದು ನೋಡಿರಬೇಕು. ಚಳಿಗಾಲದ ಬೆಳಿಗ್ಗೆಗೆ ರಾಗಿ ಗಂಜಿಯನ್ನು ಮೀರಿದ್ದಿಲ್ಲ, ರಾಗಿ ಹಿಟ್ಟು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ನೀನು ಸಸ್ಯಾಹಾರಿ ಎಂದಿದ್ದೀಯ. ಡಿಸೆಂಬರ್‌ಗೆ ಮುಂಚೆ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಹೋಗಿ ಕಬ್ಬಿಣಾಂಶ, ಬಿ-12, ವಿಟಮಿನ್ ಡಿ ಮೂರನ್ನೂ ಪರೀಕ್ಷೆ ಮಾಡಿಸು. ನಮ್ಮ ಮೈಬಣ್ಣಕ್ಕೆ ಇಲ್ಲಿನ ಚಳಿಗಾಲದ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದೇ ಇಲ್ಲ ಎನ್ನಬಹುದು. ನಾನು ಒಂದು ವರ್ಷ ಸುಮ್ಮನೆ ಸೋಮಾರಿಯಾಗಿದ್ದೇನೆ ಎಂದು ನನ್ನನ್ನೇ ಬೈದುಕೊಂಡು ಓಡಿದೆ; ನೋಡಿದರೆ ರಕ್ತದಲ್ಲಿ ಕಬ್ಬಿಣವೇ ಇರಲಿಲ್ಲ.

ಹಣದ ಮಾತು. ಪ್ರವೇಶ ಶುಲ್ಕ ದಿನ ಹತ್ತಿರವಾದಂತೆ ಏರುತ್ತದೆ, ಕಟ್ಟಿದ ಮೇಲೆ ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಆದ್ದರಿಂದ ಇಂದೇ ಕಟ್ಟಬೇಡ, ಕಾಯುತ್ತಲೂ ಕೂರಬೇಡ. ಮೂರು ವಾರ ಚಳಿಯಲ್ಲಿ ಓಡಿ ನೋಡಿ, ಮನಸ್ಸು ಒಪ್ಪಿದರೆ ಕಟ್ಟು. ಶೂ ಒಂದಕ್ಕೆ ಕೈಬಿಚ್ಚಿ ಖರ್ಚು ಮಾಡು. ಓಟದ ಬೆಳಿಗ್ಗೆ ಕಾಯುವಾಗ ಹಾಕಿಕೊಳ್ಳಲು ಹಳೆಯ ಬಟ್ಟೆಯ ಅಂಗಡಿಯಿಂದ ನಾಲ್ಕೈದು ಡಾಲರಿನ ಸ್ವೆಟರ್ ತಂದಿಡು. ಹೊರಡುವಾಗ ಅದನ್ನು ಬಿಚ್ಚಿ ಬದಿಗೆ ಎಸೆಯುತ್ತಾರೆ, ಆಮೇಲೆ ಆರಿಸಿ ಬಡವರಿಗೆ ಕೊಡುತ್ತಾರೆ. ಊರಿನಿಂದ ತಂದದ್ದನ್ನು ಮಾತ್ರ ಹಾಕಿಕೊಂಡು ಬರಬೇಡ. ಬಿಚ್ಚಲು ಮನಸ್ಸು ಬರುವುದಿಲ್ಲ.

ಸಿನ್ಸಿನಾಟಿ ಇಲ್ಲಿಂದ ಎರಡು ಗಂಟೆಯೊಳಗಿನ ದಾರಿ. ಶನಿವಾರ ಮಧ್ಯಾಹ್ನ ಹೊರಟು ಬಿಬ್ ಪಡೆದು, ರಾತ್ರಿ ಉಳಿದು, ಭಾನುವಾರ ಸಂಜೆಗೆ ಮನೆ. ನಿನಗೆ ಕಾರಿಲ್ಲ ಎಂದು ಬರೆದಿದ್ದೀಯ, ನನ್ನದರಲ್ಲಿ ಜಾಗವಿದೆ. ಈ ಸಲ ನಾನು ಹಾಫ್ ಓಡಿ ಬೇಗ ಮುಗಿಸುತ್ತೇನೆ, ಕೊನೆಯ ಗೆರೆಯ ಬಳಿ ಒಣ ಬಟ್ಟೆ, ಮಜ್ಜಿಗೆ ಹಿಡಿದು ನಿಂತಿರುತ್ತೇನೆ.

ಅದಕ್ಕೆ ಮುಂಚೆ ಈ ಶನಿವಾರ. ಆಂಟ್ರಿಮ್ ಕೆರೆಯ ಪಾರ್ಕಿಂಗ್ ಜಾಗದಲ್ಲಿ ನಾವು ಏಳೆಂಟು ಜನ ಬೆಳಿಗ್ಗೆ ಏಳೂವರೆಗೆ ಸೇರುತ್ತೇವೆ, ಇಬ್ಬರು ಕನ್ನಡದವರು. ಕೆರೆಯ ಸುತ್ತ ಒಂದು ಸುತ್ತಿಗೆ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು, ಸಾಕೆನಿಸಿದಾಗ ನಿಲ್ಲಬಹುದು. ಏಳು ಗಂಟೆಗೆ ನಿನ್ನ ಮನೆಯ ಹತ್ತಿರ ಬಂದು ಕರೆದುಕೊಂಡು ಹೋಗುತ್ತೇನೆ. ಕೈಗವಸು ಕೊಳ್ಳಲು ಓಡಬೇಡ, ನನ್ನ ಬಳಿ ಇನ್ನೊಂದು ಜೊತೆ ಇದೆ.